ತುಟಿಮಾತು

ಮಿಲ್ಲು ಮುಚ್ಚಿ ನಾಲ್ಕು ವರ್ಷವಾದರೂ ಮಗ್ಗದವನ ತುಟಿ ಹಳೇ ಚಾಳಿ ಬಿಟ್ಟಿರಲಿಲ್ಲ. ಇನ್ನೂರ ನಲವತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಗಂಟಲು ಹರಿದುಕೊಂಡರೂ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ದುಡಿದವರೆಲ್ಲ ದನಿಯಿಲ್ಲದೆ ತುಟಿ ಆಡಿಸುತ್ತಿದ್ದರು. ಎದುರಿನವರು ತುಟಿ ನೋಡಿಯೇ ಓದಿಕೊಳ್ಳುತ್ತಿದ್ದರು. ಇನ್ನು ಮಾತು ಬೇಡ ಅನ್ನುವುದಕ್ಕೆ ಬಾಯಿಗೆ ಅಂಗೈ ಅಡ್ಡ.

ಅವನ ಅಳಿಯ ಹೊರಗಿನವನು, ಬೇರೆ ಭಾಷೆಯವನು, ಅದೇ ಮಿಲ್ಲಿನಲ್ಲಿ ಪಕ್ಕದ ಮಗ್ಗಕ್ಕಿದ್ದವನು. ಹೊರಗಿನವರನ್ನು ಓಡಿಸುತ್ತೇನೆಂದು ಮೇಜು ಗುದ್ದಿದ ಮುಖಂಡನಿಗೇ ಮಾವ ಓಟು ಹಾಕಿದ್ದ. ಮನೆಯಲ್ಲಿ ಹೇಳಿಕೊಂಡೂ ಇದ್ದ. ಮುಖಂಡ ಗೆದ್ದ ದಿನ ಅಳಿಯ ಊರು ಬಿಡೋಣವೆಂದ. ಮಗಳು ತಡೆದಳು.

"ನಿಮ್ಮ ಮೇಲಿನ ಸಿಟ್ಟಿಗೆ ಹಾಕಿದ್ದಲ್ಲ ಕಣ್ರೀ. ಕೆಲಸ ಹೋಯ್ತಲ್ಲ, ಆ ಸಂಕಟಕ್ಕೆ."

ಆ ಒಂದು ಮಾತು ನಂಬಿ ಅಳಿಯ ಉಳಿದಿದ್ದ. ಮಗಳು, ಮೊಮ್ಮಗು ಕಣ್ಣೆದುರು ಇದ್ದದ್ದು ಆ ನಂಬಿಕೆಯ ಮೇಲೆ. ಮಗ್ಗದವನಿಗೂ ಅದು ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಸಮೀಕ್ಷೆಯ ಹುಡುಗಿ ಬಂದಳು. ಮುಂದಿನ ಕೋಣೆಯಲ್ಲಿ ಮಗ್ಗದವನ ಹಳೇ ಜೊತೆಗಾರ ಲಾಳಿ ಕೂತಿದ್ದ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯಂತೆ ಒಂದು ಕಡೆ ನಿಲ್ಲದವನೆಂದು ಮಿಲ್ಲಿನವರಿಟ್ಟ ಹೆಸರು. ಅಳಿಯ ಕಿಟಕಿ ಪಕ್ಕ ಮಗುವಿನ ಶೂಗೆ ಅಂಟು ಹಚ್ಚುತ್ತಿದ್ದ.

"ಯಜಮಾನ್ರೇ, ಓಟು ಹಾಕಿದ್ದಕ್ಕೆ ಒಂದೇ ಕಾರಣ ಹೇಳಬೇಕು. ಕೆಲಸದ ಚಿಂತೆನಾ? ಹೊರಗಿನವರು ಜಾಸ್ತಿಯಾದ್ರು ಅಂತಾನಾ?"

"ಕೆಲಸ ಕಣಮ್ಮ, ಬರ್ಕೋ. ಇಪ್ಪತ್ತೆಂಟು ವರ್ಷ ಮಗ್ಗದ ಮುಂದೆ ನಿಂತ ಕಾಲು ಇದು."

ಹುಡುಗಿ ತಲೆ ತಗ್ಗಿಸಿ ಗುರುತು ಹಾಕಿಕೊಂಡಳು. ಲಾಳಿ ಕಣ್ಣು ಮಿಟುಕಿಸಿ ದನಿಯಿಲ್ಲದೆ ತುಟಿ ಆಡಿಸಿದ: "ಲೋ, ಯಾರ ಕಿವಿ ಮೇಲೆ ಹೂ ಇಡ್ತೀಯ? ಹೋದ ಸಲ ಮಿಲ್ಲು ನಡೀತಿದ್ದಾಗಲೂ ಅವನಿಗೇ ಹಾಕಿದ್ದೆಯಲ್ಲೋ!"

ಮಗ್ಗದವನಿಗೆ ನಗು ಬಂತು. ತುಟಿ ತಾನಾಗಿ, ದನಿಯಿಲ್ಲದೆ ಆಡಿತು.

"ಕೆಲಸ ಹಾಳಾಗ್ಲಿ ಬಿಡೋ. ಕೈಕಟ್ಟಿ ನಿಲ್ತಿದ್ದೋರು ನಮ್ಮ ಸಮಕ್ಕೆ ಕುರ್ಚಿ ಎಳ್ಕೊಂಡು ಕೂತ್ರಲ್ಲ, ಅದು ಗಂಟಲಲ್ಲಿ ಇಳಿಯಲ್ಲ. ನನ್ನ ಮನೆಯೊಳಗೂ."

ಲಾಳಿ ನಗಲಿಲ್ಲ. ಅವನ ಕಣ್ಣು ಕಿಟಕಿಯತ್ತ ಹೋಗಿತ್ತು; ಅಲ್ಲಿ ಅಳಿಯ ತಲೆಯೆತ್ತಿ ಮಾವನ ತುಟಿಯನ್ನೇ ನೋಡುತ್ತಿದ್ದ. ಆಗ ಮಗ್ಗದವನಿಗೆ ನೆನಪಾಯಿತು: ಭಾಷೆ ಬಾರದ ಹೊಸಬನನ್ನು ಆರು ತಿಂಗಳು ಪಕ್ಕದಲ್ಲಿ ನಿಲ್ಲಿಸಿಕೊಂಡು ತುಟಿ ಓದುವುದನ್ನು ಕಲಿಸಿದವನು ತಾನೇ. ಅಳಿಯ ಈ ಊರಿನ ಮಾತು ಕಲಿತದ್ದೇ ಮಾವನ ತುಟಿಯಿಂದ.

ಅಳಿಯ ಅಂಟು ಹಿಡಿಯುವವರೆಗೂ ಶೂವನ್ನು ಒತ್ತಿ ಹಿಡಿದಿದ್ದ. ಆಮೇಲೆ ಎದ್ದು ಒಳಗೆ ಹೋದ.

"ಅಪ್ಪಾ, ಏನಂದೆ ಅವರಿಗೆ? ಗಂಟು ಕಟ್ತಿದ್ದಾರೆ. ಬಾಯೇ ಬಿಡ್ತಿಲ್ಲ," ಎಂದು ಮಗಳು ಸಂಜೆ ಕೇಳಿದಳು.

"ನಾನೇನೂ ಅನ್ಲಿಲ್ಲಮ್ಮ."

ಬುಧವಾರ ಬಸ್ ನಿಲ್ದಾಣದಲ್ಲಿ ಮಗಳು ಅಪ್ಪನ ಮುಖ ನೋಡದೆ ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದಳು. ಅಳಿಯ ಕಿಟಕಿಗೆ ಕೂತ. ಗಾಜು ಮುಚ್ಚಿತ್ತು, ಎಂಜಿನ್ನು ಗುಡುಗುತ್ತಿತ್ತು. ಮಗ್ಗದವನು ಗಾಜಿನ ಹತ್ತಿರ ನಿಂತು, ಹೊಸಬನಿಗೆ ಕಲಿಸುವಾಗಿನಷ್ಟೇ ನಿಧಾನವಾಗಿ ತುಟಿ ಆಡಿಸಿದ: "ಕೆಲಸ ಹೋಗಿದ್ದಕ್ಕೇ ಕಣಪ್ಪ. ಕೆಲಸ ಹೋಗಿದ್ದಕ್ಕೇ." ಅದು ನಿಜವೋ ಸುಳ್ಳೋ ಅವನಿಗೇ ಈಗ ತಿಳಿಯುತ್ತಿರಲಿಲ್ಲ.

ಅಳಿಯ ಕೊನೆಯವರೆಗೂ ಓದಿದ. ಆಮೇಲೆ ಬಾಯಿಗೆ ಅಂಗೈ ಅಡ್ಡ ಹಿಡಿದ. ಬಸ್ಸು ತಿರುವು ದಾಟುವವರೆಗೂ ಆ ಕೈ ಕೆಳಗಿಳಿಯಲಿಲ್ಲ.