ಶೇಕ

"ಇನ್ನೊಂಚೂರು ಈಕಡೆ ಸರಿ. ಕೆಂಡ ನಡಕ ಬರ್ಲಿ," ಎನ್ನುತ್ತ ಲಕ್ಕವ್ವ ಶೇಗಡಿಯನ್ನು ಮಗಳ ಮಂಚದ ಕೆಳಗೆ ತಳ್ಳಿದಳು. ಕೆಂಡದ ಮೇಲೆ ಒಂದು ಹಿಡಿ ಅಜವಾನ ಉದುರಿಸಿದಾಗ ಘಾಟು ಹೊಗೆ ಮಂಚದ ಸಂದಿಗಳಿಂದ ಮೇಲೆದ್ದಿತು. ಅನುಸೂಯಾ ಹೊಟ್ಟೆಗೆ ಬಿಗಿಯಾಗಿ ಹಳೆಯ ಧೋತರದ ಪಟ್ಟಿ ಸುತ್ತಿಸಿಕೊಂಡು, ಬೆವರಿನಲ್ಲಿ ತೊಯ್ದು ಮಲಗಿದ್ದಳು.

"ಸಾಕ ಬೇ ಅವ್ವಾ. ಒಳಗ ಉರಿಯಾಕತ್ತೈತಿ."

"ಉರಿಬೇಕು. ಉರದ್ರ ಗಾಯ ಒಣಗತೈತಿ. ಎರಡೂ ಬಾಣಂತನದಾಗ ಹಿಂಗ ಅತ್ತಿದ್ದಿ."

ಉಗಾರದ ಆ ಓಣಿಯಲ್ಲಿ ಲಕ್ಕವ್ವ ಹೊಟ್ಟೆ ಕಟ್ಟದ ಬಾಣಂತಿಯೇ ಇರಲಿಲ್ಲ. ಅಳಿಯ ಮುರಗೆಪ್ಪ ಮೀರಜದ ಆಸ್ಪತ್ರೆಯಿಂದ ಬಂದು ಅವಳಿಗೆ ಹೇಳಿದ್ದು ಇಷ್ಟೇ: ಗರ್ಭದ ಚೀಲ ತಗದಾರ, ಹೊಲಿಗಿ ಟಾಕಿ ಬಿಚ್ಚಿದ ಮ್ಯಾಲ ಶೇಕ ಕೊಡಬೇಕಂತ. ಡಾಕ್ಟರು ಮರಾಠಿಯಲ್ಲಿ ಹೇಳಿದ್ದರು. ಬಾಣಂತಿಗೆ ಕೆಂಡದ ಕಾವು ಕೊಡುವುದಕ್ಕೆ ಮರಾಠಿಯಲ್ಲೂ ಶೇಕ, ಉಗಾರದ ಕನ್ನಡದಲ್ಲೂ ಶೇಕ. ಮುರಗೆಪ್ಪ ತಲೆಯಾಡಿಸಿ ಬಂದಿದ್ದ. ಸಕ್ಕರೆ ಫ್ಯಾಕ್ಟರಿಯ ಕಾಟಾದಲ್ಲಿ ದಿನವಿಡೀ ಕಬ್ಬಿನ ಟ್ರ್ಯಾಕ್ಟರ್ ತೂಗುವ ಮನುಷ್ಯ. ಒಂದು ಕಿಲೋ ಹೆಚ್ಚುಕಡಿಮೆಯಾದರೆ ಹತ್ತು ಸಲ ಕೇಳುವವನು, ಡಾಕ್ಟರ ಮುಂದೆ ಒಂದು ಸಲವೂ ಬಾಯಿ ಬಿಡಲಿಲ್ಲ.

ಚೀಲ ಯಾಕೆ ತೆಗೆದರು ಎಂಬುದನ್ನು ಮುದುಕಿಗೆ ಯಾರೂ ಹೇಳಿರಲಿಲ್ಲ. "ಅವ್ವನ ಮುಂದ ಆ ಹೆಸರ ತಗದ್ರ ನನ್ನಾಣಿ ಐತಿ," ಎಂದು ಅನುಸೂಯಾ ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಕ್ಯಾನ್ಸರ್ ಎಂಬ ಶಬ್ದ ಆ ಮನೆಯ ಹೊಸ್ತಿಲು ದಾಟಲಿಲ್ಲ.

ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ತೂಕ ತೊಂಬತ್ತೆಂಟು ಕಿಲೋ, ಹೊಟ್ಟೆಯ ಮಡಿಕೆ ಗಾಯದ ಮೇಲೇ ಬೀಳುತ್ತದೆ, ಬೆವರು ನಿಂತರೆ ಕೀವಾಗುತ್ತದೆ, ಒಣಗಿಸಿ ಇಟ್ಟುಕೊಳ್ಳಿ. ಅನುಸೂಯಾ ಆ ಮಾತನ್ನು ಮಾತ್ರ ತಾಯಿಗೆ ಚಾಚೂ ತಪ್ಪದೆ ಒಪ್ಪಿಸಿದ್ದಳು. ಒಣಗಿಸುವುದಕ್ಕೆ ಬೆಂಕಿಗಿಂತ ಹೆಚ್ಚಿನದು ಲಕ್ಕವ್ವನಿಗೆ ಗೊತ್ತಿರಲಿಲ್ಲ. ಪಾಪ, ಎಲ್ಲಿಂದ ಗೊತ್ತಿರಬೇಕು?

ಶೇಕ ಶುರುವಾದ ಎಂಟನೆಯ ದಿನ ಅನುಸೂಯಾಗೆ ನಡುಗುವ ಜ್ವರ ಬಂತು. ಮುರಗೆಪ್ಪ ಗಾಡಿ ಮಾಡಿ ಮೀರಜಕ್ಕೆ ಒಯ್ದ. ಲಕ್ಕವ್ವನೂ ಹಟ ಹಿಡಿದು ಹತ್ತಿದಳು. ನರ್ಸ್ ಕತ್ತರಿಯಿಂದ ಪಟ್ಟಿ ಕತ್ತರಿಸಿದಾಗ ಬಂದ ವಾಸನೆಗೆ ಮುರಗೆಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಗಾಯ ಗೇಣುದ್ದ ಬಾಯಿ ಬಿಟ್ಟಿತ್ತು.

"ಯಾರ್ ಕಟ್ಟಿದ್ರಿ ಇದನ್ನ?" ಡಾಕ್ಟರು ಈ ಸಲ ಕನ್ನಡದಲ್ಲಿ ಕೇಳಿದರು.

"ನೀವ ಹೇಳಿದ್ರಲ್ರಿ ಸಾಹೇಬ್ರ," ಎಂದ ಮುರಗೆಪ್ಪ. "ಶೇಕ ಕೊಡ್ರಿ ಅಂತ."

ಡಾಕ್ಟರು ಅವನನ್ನೇ ನೋಡಿದರು. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಆ ಶೇಕ ಬೆಂಕೀದಲ್ಲರಿ. ಮಶೀನಿಂದು. ಒಳಗ ಕ್ಯಾನ್ಸರ್ ಉಳದಿದ್ರ ಸುಡಾಕ. ಬರೂ ಸೋಮವಾರ ಚಾಲೂ ಮಾಡೋದಿತ್ತು."

ಲಕ್ಕವ್ವ ಮೊದಲು ಅಳಿಯನನ್ನು ನೋಡಿದಳು, ಆಮೇಲೆ ಮಗಳನ್ನು. ಅನುಸೂಯಾ ಕಣ್ಣು ತಪ್ಪಿಸಿದಳು.

"ಸೋಮವಾರ ಚಾಲೂ ಮಾಡ್ರಿ ಮತ್ತ," ಎಂದಳು ಮುದುಕಿ.

"ಇಷ್ಟ ಗಾಯ ತೆರದಿರೂವಾಗ ಆ ಶೇಕ ಕೊಡಾಕ ಬರೂದಿಲ್ಲ ಆಯಿ. ದಪ್ಪ ಮೈ. ಮಾಗಾಕ ಎರಡ ತಿಂಗಳರೆ ಬೇಕು."

"ಅಲ್ಲೀತನಕ ಅದು ಸುಮ್ನ ಇರತೈತೇನ್ರಿ, ಒಳಗಿಂದು?"

ಡಾಕ್ಟರು ಫೈಲಿನಲ್ಲಿ ಏನೋ ಬರೆಯತೊಡಗಿದರು.

ಗಾಯ ತೊಳೆಯಬೇಕಿತ್ತು. "ಯಾರರೆ ಒಬ್ರು ಹೊಟ್ಟಿ ಮ್ಯಾಲೆತ್ತಿ ಹಿಡೀರಿ," ಎಂದಳು ನರ್ಸ್. ಮುರಗೆಪ್ಪ ಎರಡು ಹೆಜ್ಜೆ ಮುಂದೆ ಬಂದು, ಸ್ಟೂಲಿನ ಮೇಲೆ ಕುಳಿತುಬಿಟ್ಟ. ಲಕ್ಕವ್ವ ಹಿಂದೆ ಸರಿದು ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಳು.

"ನಾ ಒಲ್ಲೆ. ಈ ಕೈಲೆ ಮುಟ್ಟೂದ ಬ್ಯಾಡ."

"ಬಾ ಬೇ ಅವ್ವಾ," ಎಂದಳು ಅನುಸೂಯಾ. "ನೀನ ಹಿಡಿ. ಬ್ಯಾರೆದಾರ ಮುಟ್ಟಿದ್ರ ನಾಚಿಕಿ ಬರತೈತಿ ನನಗ."

ನರ್ಸ್ ಮುದುಕಿಯ ಕೈಗಳಿಗೆ ರಬ್ಬರಿನ ಕೈಗವಸು ತೊಡಿಸಿದಳು. ಸೊಟ್ಟಗಾದ ಬೆರಳುಗಳು ನೆಟ್ಟಗೆ ಹೋಗಲಿಲ್ಲ. ಎರಡು ಬೆರಳು ಒಂದರಲ್ಲೇ ಸೇರಿಕೊಂಡವು. ಲಕ್ಕವ್ವ ಮಗಳ ಹೊಟ್ಟೆಯನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದಳು. ಭಾರವಿತ್ತು. ನರ್ಸ್ ಗಾಯದೊಳಗೆ ಬಟ್ಟೆ ತುರುಕುವಾಗ ಅನುಸೂಯಾ ಹಲ್ಲು ಕಚ್ಚಿ ನರಳಿದಳು. ಮುದುಕಿ ಕಣ್ಣು ಮುಚ್ಚಲಿಲ್ಲ, ಕೊನೆಯವರೆಗೂ ನೋಡಿದಳು.

"ಬಿಡ್ರಿ ಆಯಿ, ಮುಗೀತು," ಎಂದಳು ನರ್ಸ್.

ಲಕ್ಕವ್ವ ಬಿಡಲಿಲ್ಲ. ನರ್ಸ್ ಇನ್ನೊಮ್ಮೆ ಹೇಳಿದಳು. ಆಕೆ ಹಾಗೆಯೇ ಎತ್ತಿ ಹಿಡಿದುಕೊಂಡು ನಿಂತಿದ್ದಳು.