ಫೋಲ್ಡರಿನ ಕೆಳಗಿನ ಕೈ

೧

ಎಲ್ಲಿಂದ ಶುರು ಮಾಡಲಿ? ವೈರಿನಿಂದ ಶುರು ಮಾಡಿದರೆ ನೀವು ಇದನ್ನು ಕಂಪ್ಯೂಟರ್ ಕಥೆ ಅಂದುಕೊಳ್ಳುತ್ತೀರಿ. ಒಲೆಯಿಂದ ಶುರು ಮಾಡಿದರೆ ಅಡುಗೆಮನೆಯ ಕಥೆ. ಖರೇ ಹೇಳಬೇಕೆಂದರೆ ಇದು ಒಂದು ಶಬ್ದದ ಕಥೆ, ಆ ಶಬ್ದ ಹೊರಬಿದ್ದದ್ದು ನನ್ನ ಬಾಯಿಂದ. ಅದನ್ನು ಆದಷ್ಟು ತಡವಾಗಿ ತರೋಣವೆಂದು ಮೂರು ಸಲ ಬರೆದು ಮೂರು ಸಲ ಹರಿದೆ. (ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಬರೆಯುವುದಕ್ಕಿಂತ ಹರಿಯುವುದು ಚೆನ್ನಾಗಿ ಬರುತ್ತದೆ.)

೨

ನಾನು ದುರುಗಪ್ಪ. ಮಸ್ಕಿಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಅಚ್ಚಿನ ಮೊಳೆ ಜೋಡಿಸಿದವನು. ನನ್ನ ಓದೆಲ್ಲ ಸೀಸದ ಅಕ್ಷರಗಳ ಮೇಲೆ ಆದದ್ದು, ಅದೂ ಉಲ್ಟಾ. ೧೯೯೬ರಲ್ಲಿ ಮೊಳೆಗಳು ಗೋಣಿಚೀಲ ಸೇರಿದವು, ಕಂಪ್ಯೂಟರ್ ಬಂತು. ಆಗ ಮಾಲಕರು ತೀರಿಕೊಂಡಿದ್ದರು. ಅವರ ಹೆಂಡತಿ ತಿಮ್ಮವ್ವಕ್ಕ, ನೀ ಎಲ್ಲಿಗೂ ಹೋಗಬೇಡ, ತಪ್ಪು ತಿದ್ದಿಕೊಂಡು ಇಲ್ಲೇ ಇರು ಅಂದಳು.

ಪ್ರೆಸ್ಸು ಅವರ ಮನೆಯಲ್ಲೇ. ರಸ್ತೆ ಕಡೆಯ ಖೋಲಿಯಲ್ಲಿ ದೊಡ್ಡ ಮಗ ಕನಕರಾಯ, ಗಿರಾಕಿಗಳು, ಪ್ರಿಂಟರ್. ಅವನ ಹೆಂಡತಿ ಹೆರಿಗೆಗೆಂದು ತವರೂರು ಹಟ್ಟಿಗೆ ಹೋಗಿದ್ದಳು. ಹಿತ್ತಲ ಕಡೆಯ ಖೋಲಿಯಲ್ಲಿ ಸಣ್ಣ ಮಗ ಯಂಕೋಬ, ಅವನ ಹೆಂಡತಿ ಯಮನಮ್ಮ. ೧೯೯೮ರಲ್ಲಿ ಎರಡನೆಯ ಕಂಪ್ಯೂಟರ್ ಆ ಖೋಲಿಯಲ್ಲಿ ಕೂತಿತು. ಹಿಂದಿನ ಖೋಲಿಯಲ್ಲಿ ತಯಾರಾದ ಲಗ್ನಪತ್ರಿಕೆ ಫ್ಲಾಪಿಯೊಳಗೆ ಕೂತು ಅಡುಗೆಮನೆ ದಾಟಿ ಮುಂದೆ ಬರಬೇಕು. ದಾಟಿ ಬರುವಷ್ಟರಲ್ಲಿ ಫ್ಲಾಪಿ ಕೆಟ್ಟಿರುತ್ತಿತ್ತು. ಕನಕರಾಯ ತಮ್ಮನನ್ನು ಬೈಯುತ್ತಿದ್ದ, ತಮ್ಮ ಒಗ್ಗರಣೆಯ ಹೊಗೆಯನ್ನು.

೩

ಸಿಂಧನೂರಿಂದ ಹತ್ತರ ಬಸ್ಸಿಗೆ ನನ್ನೇಸಾಬ ಬಂದ. ಹೆಗಲ ಮೇಲೆ ಕಪ್ಪು ವೈರಿನ ಸುರುಳಿ. ಕಂಪ್ಯೂಟರ್ ರಿಪೇರಿ ಅವನ ಕೆಲಸ; ಎರಡೂ ಕಂಪ್ಯೂಟರ್ ವೈರಿನಿಂದ ಕೂಡಿಸಲು ಕನಕರಾಯ ಕರೆಸಿದ್ದ. ಮನೆಯಲ್ಲಿ ಫೋನಿನ ವೈರ್ ಇದೆಯಲ್ಲ, ಮತ್ತೆ ಇದ್ಯಾಕೆ ಎಂದು ತಿಮ್ಮವ್ವಕ್ಕ ಕೇಳಿದಳು. ಈ ವೈರಿಗೆ ಎರಡೂ ತುದಿಯಲ್ಲಿ ಟೋಪಿ ಇರುತ್ತದೆ, ಒಂದು ಕಡೆಯ ಟೋಪಿ ಕಳಚಿದರೂ ಇಬ್ಬರ ಮಾತೂ ನಿಲ್ಲುತ್ತದೆ ಎಂದು ಅವನು ಸಮಾಧಾನವಾಗಿ ತಿಳಿಸಿದ. ಆಮೇಲೆ ಕನಕರಾಯನ ಕಡೆ ತಿರುಗಿ, ವೈರ್ ಎಳೆದರಷ್ಟೇ ಸಾಲದು, ಫೋಲ್ಡರ್ ಷೇರ್ ಮಾಡಬೇಕು ಅಂದ.

ತಿಮ್ಮವ್ವಕ್ಕ ಅಡುಗೆಮನೆಯ ಹೊಸ್ತಿಲಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದಳು. ಅವಳ ಲೆಕ್ಕದಲ್ಲಿ ಆ ಮನೆಯಲ್ಲಿ ಅಕ್ಷರ ಬಲ್ಲವನು ನಾನು.

"ಷೇರ್ ಅಂದ್ರ ಏನೋ ದುರುಗಪ್ಪ?"

ನಾನು ಯಾವುದೋ ಪತ್ರಿಕೆಯಲ್ಲಿ ವರನ ಹೆಸರು ತಿದ್ದುತ್ತಿದ್ದೆ. ತಲೆ ಎತ್ತದೆ ಅಂದೆ:

"ಹಿಸ್ಸಾ, ಅಕ್ಕಾ."

(ಇಲ್ಲಿ ಕಥೆ ನಿಲ್ಲಿಸಿ ಬೇರೆ ಶಬ್ದ ಇಟ್ಟು ನೋಡುತ್ತೇನೆ. 'ಕೂಡಿ ಬಳಸೋದು' ಅಂದಿದ್ದರೆ? ಅವಳು ಬಳ್ಳೊಳ್ಳಿ ಸುಲಿದು ಮುಗಿಸುತ್ತಿದ್ದಳು, ನನ್ನೇಸಾಬ ಊಟ ಮಾಡಿ ಬಸ್ಸು ಹಿಡಿಯುತ್ತಿದ್ದ, ಕಥೆ ಅರ್ಧ ಪುಟಕ್ಕೆ ಮುಗಿಯುತ್ತಿತ್ತು. ಮೊಳೆಯ ಕಾಲದಲ್ಲಿ ತಪ್ಪು ಅಕ್ಷರವನ್ನು ಚಿಮಟದಿಂದ ಎತ್ತಿ ಬೇರೆಯದನ್ನು ಕೂರಿಸುತ್ತಿದ್ದೆ. ಅವತ್ತು ಹಾಗೆ ಎತ್ತಲಿಕ್ಕೆ ಆಗಲಿಲ್ಲ.)

ನಮ್ಮ ಕಡೆ ಹಿಸ್ಸಾ ಅಂದರೆ ಹೊಲ ಹರಿಯುವುದು, ಮನೆಯ ನಡುವೆ ಗೋಡೆ ಏಳುವುದು, ಒಲೆ ಬೇರೆಯಾಗುವುದು. ತಿಮ್ಮವ್ವಕ್ಕನ ತವರು ತುರ್ವಿಹಾಳ. ಕಾಲುವೆ ನೀರು ಬಂದ ಮರುವರ್ಷವೇ ಅವಳ ಅಣ್ಣಂದಿರು ಹಿಸ್ಸಾ ಮಾಡಿಕೊಂಡರು. ಅವಳ ತಾಯಿ ಆರು ತಿಂಗಳು ಈ ಒಲೆಯದು, ಆರು ತಿಂಗಳು ಆ ಒಲೆಯದು ಉಂಡು, ಯಾವ ಒಲೆಯ ಪಾಳಿ ಎಂದು ಜಗಳ ನಡೆದಿರುವಾಗಲೇ ತೀರಿಕೊಂಡಳು. ಇದನ್ನು ತಿಮ್ಮವ್ವಕ್ಕ ನನಗೆ ಎಷ್ಟೋ ಸಲ ಹೇಳಿದ್ದಳು. ಗೊತ್ತಿದ್ದೂ ಆ ಶಬ್ದ ಆಡಿದೆ.

ಮತ್ತೆ ೩

(ನಾಲ್ಕು ಎಂದು ಬರೆಯಲು ಇನ್ನೂ ಕೈ ಏಳುತ್ತಿಲ್ಲ.)

ಅವಳು ಬಳ್ಳೊಳ್ಳಿ ಅಲ್ಲೇ ಬಿಟ್ಟು ಎದ್ದು ಹೋದಳು. ನನ್ನೇಸಾಬ ನಡುಗೋಡೆಗೆ ತೂತು ಕೊರೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿತ್ತಲಿನಿಂದ ಹೊಗೆ ಬಂತು. ಹೋಗಿ ನೋಡಿದರೆ ಮೂರು ಕಲ್ಲು ಹೂಡಿ ಎರಡನೆಯ ಒಲೆ ಹಚ್ಚಿದ್ದಳು. ಅಡುಗೆಮನೆಯ ನೆಲದ ಮೇಲೆ ಭಾಂಡೆಗಳ ಎರಡು ಗುಂಪು. ಅಲ್ಲೊಂದು ರೊಟ್ಟಿಹಂಚು, ಇಲ್ಲೊಂದು. ಅಲ್ಲೊಂದು ತಂಬಿಗೆ, ಇಲ್ಲೊಂದು. ತಾಮ್ರದ ಕೊಡ ಒಂದೇ ಇದ್ದದ್ದಕ್ಕೆ ಅದನ್ನು ನಡುವೆ ಇಟ್ಟಿದ್ದಳು.

ಮಕ್ಕಳನ್ನು ಕರೆದಳು.

"ಎತ್ಗೊಳ್ರಿ. ನೀವು ಕೇಳೋಕ್ಕಿಂತ ಮದ್ಲ ನಾನ ಕೊಡಾಕತ್ತೀನಿ."

"ಯವ್ವಾ, ಏನಾಗ್ಯಾದ ನಿನಗ?" ಅಂದ ಕನಕರಾಯ. "ಯಾರು ಕೇಳ್ಯಾರ?"

"ವೈರ್ ತಂದವನ್ನ ಕೇಳು. ಇಲ್ಲಾ, ದುರುಗಪ್ಪನ್ನ ಕೇಳು."

ನನ್ನೇಸಾಬ ತಲೆಯ ಮೇಲಿನ ಸುಣ್ಣದ ಪುಡಿ ಕೊಡವುತ್ತ ನಕ್ಕ. "ಅವ್ವಾರ, ಇದು ಕೂಡ್ಸೋ ವೈರ್ ರೀ. ಹರಿಯೋದಲ್ಲ."

ಎಲ್ಲರೂ ನಕ್ಕರು, ಕನಕರಾಯ ಎಲ್ಲರಿಗಿಂತ ಹೆಚ್ಚು. ಭಾಂಡೆಗಳು ಒಂದೊಂದಾಗಿ ಗೋಡೆಯ ಮಾಡಕ್ಕೆ ವಾಪಸು ಹೋದವು. ಯಮನಮ್ಮ ಮಾತ್ರ ತನ್ನ ಕಡೆಯ ತಂಬಿಗೆ ಎತ್ತಿ, ತಿರುವಿ, ತಳದಲ್ಲಿ ಕೊರೆದ ಹೆಸರು ನೋಡಿದಳು.

"ಇದು ನಮ್ಮ ತವರು ಜವಳಗೇರದಿಂದ ಬಂದದ್ದರಿ, ಅತ್ತಿ," ಅಂದು ಅದನ್ನು ತನ್ನ ಖೋಲಿಗೆ ಒಯ್ದಳು. ತಪ್ಪೇನಿಲ್ಲ, ಅವಳ ಹೆಸರೇ ಇತ್ತು. ನಗು ಮಾತ್ರ ಅಲ್ಲಿಗೆ ನಿಂತಿತು.

೪

ಎಲ್ಲರೂ ನಕ್ಕರು ಅಂದೆನಲ್ಲ, ಮೊದಲ ಸಲ ಬರೆದಾಗ ಯಂಕೋಬನೂ ನಕ್ಕ ಎಂದೇ ಬರೆದಿದ್ದೆ. ಅವನು ಕಾಗದದ ಮೇಲಿಂದಲೇ ತಡೆದ. (ಎದುರಿಗೆ ಅವನು ಇದನ್ನು ಎಂದೂ ಆಡಿಲ್ಲ. ಕಾಗದದ ಮೇಲೆ ಮಾತ್ರ ಆಡುತ್ತಾನೆ.)

"ಕಾಕಾ, ನಾ ನಕ್ಕಿಲ್ಲ. ಸುಳ್ಳು ಬರೀಬ್ಯಾಡ."

"ಮತ್ತ ಏನ್ ಬರೀಲಿ?"

"ಎರಡು ವರ್ಷದಿಂದ ಹಿಸ್ಸಾ ಕೇಳಬೇಕಂತಿದ್ದೆ, ಬಾಯಿ ಬಂದಿದ್ದಿಲ್ಲ. ನೀ ಕೇಳಿಬಿಟ್ಟಿ."

ಈ ಮಾತನ್ನು ಹೊಡೆದು ಹಾಕಿದೆ. ಮರುದಿನ ಮತ್ತೆ ಅದೇ ಬಂದು ಕೂತಿತು. ಇರಲಿ ಎಂದು ಬಿಟ್ಟಿದ್ದೇನೆ.

೫

ಮುಕ್ತಾಯ, ಒಂದು: ಅಮಾವಾಸ್ಯೆಗೆ ಹೋಳಿಗೆ ಮಾಡಿದ ದಿನ ಯಮನಮ್ಮ ತಂಬಿಗೆ ತಂದು ಮಾಡದಲ್ಲಿ ಇಡುತ್ತಾಳೆ.

ಮುಕ್ತಾಯ, ಎರಡು: ಗೋಡೆಯ ತೂತಿಗೆ ಸಿಮೆಂಟ್ ಮೆತ್ತುತ್ತಾರೆ.

ಎರಡರಲ್ಲಿ ಒಂದು ನಡೆದದ್ದು. ಯಾವುದು ಎಂದು ಬರೆಯುವ ಮುಂಚೆ ಅವತ್ತಿನ ಮಧ್ಯಾಹ್ನ ನಾಲ್ಕು ಗಂಟೆಯದನ್ನು ಹೇಳಬೇಕು.

ನನ್ನೇಸಾಬ ಎರಡೂ ತುದಿಗೆ ಟೋಪಿ ಹಾಕಿದ. ಮೊದಲು ಮುಂದಿನ ಖೋಲಿಯ ಕಂಪ್ಯೂಟರಿನ ಫೋಲ್ಡರ್ ಷೇರ್ ಮಾಡಿದ. ಒಳಗಿನಿಂದ ಯಂಕೋಬ, ಕಾಣಾಕತ್ತಾದ ಎಂದು ಕೂಗಿದ. ನನ್ನೇಸಾಬ ಪರದೆಯ ಮೇಲೆ ಬೆರಳಿಟ್ಟು ತೋರಿಸಿದ: ಹಳದಿ ಫೋಲ್ಡರು, ಅದರ ಕೆಳಗೆ ಅಂಗೈ ಮೇಲಾಗಿ ಒಂದು ಸಣ್ಣ ಕೈ. ಷೇರ್ ಆಗಿದೆ ಎನ್ನುವುದಕ್ಕೆ ಅದೇ ಗುರುತಂತೆ.

ತಿಮ್ಮವ್ವಕ್ಕ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಈ ಕೈ ಕೊಡಾಕತ್ತಾದೋ, ಬೇಡಾಕತ್ತಾದೋ?"

ನನ್ನೇಸಾಬ ನನ್ನ ಮುಖ ನೋಡಿದ. ಕನಕರಾಯನೂ ನೋಡಿದ. ಒಳಗೆ ಯಂಕೋಬನ ಕೀಲಿಮಣೆಯ ಸದ್ದು ನಿಂತಿತು. ನನಗೆ ಒಂದು ಶಬ್ದ ಹೊಳೆದಿತ್ತು, ಬಾಯಿಗೂ ಬಂದಿತ್ತು.

"ಹೇಳಬ್ಯಾಡ ಬಿಡು ದುರುಗಪ್ಪ," ಅಂದಳು. "ನೀ ಹೇಳಿದ್ದು ಆಗತಾದ."

ಎದ್ದು ಹಿತ್ತಲಿಗೆ ಹೋದಳು. ಎರಡನೆಯ ಒಲೆ ಇನ್ನೂ ಉರಿಯುತ್ತಿತ್ತು. ಆರಿಸಲು ಹೋದಳೋ, ಕಟ್ಟಿಗೆ ಇಡಲು ಹೋದಳೋ ನನಗೆ ಗೊತ್ತು. ಹೇಳಬೇಡ ಅಂದಿದ್ದಾಳೆ.