ಮೇಷ್ಟ್ರ ಪಾಲಿನ ಉಂಡೆ

ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಬಡಿದರೆ ಟಣ್ ಎನ್ನಬೇಕು. ನಮ್ಮದು ಎಂದಿತು. ನಾನು ಶಾಲೆಯ ಜವಾನನ ಗತ್ತಿನಲ್ಲಿ "ಟಣ್ ಟಣಾ ಟಣ್" ಎಂದು ಗಂಟೆ ಬಾರಿಸಿದೆ. ಎಂಟು ವರ್ಷದ ಮಗಳು ಶರಣ್ಯಾ ನಗಲಿಲ್ಲ.

"ಪಪ್ಪಾ, ಫೋಕಸ್!"

ಗಾಂಭೀರ್ಯಕ್ಕೆ ಕಾರಣವಿತ್ತು. ಕುವೈತಿನ ಸಾಲ್ಮಿಯಾದ ನಮ್ಮ ಕಟ್ಟಡದಲ್ಲಿ ಎರಡು ಮಹಡಿ ಕೆಳಗಿನ ಮಥಾಯಸ್ ಮನೆಯಲ್ಲಿ ಪ್ರತಿ ಅಕ್ಟೋಬರ್ ಮೂವತ್ತೊಂದಕ್ಕೆ ಮಕ್ಕಳ ಹ್ಯಾಲೋವೀನ್. ಹಿಂದಿನ ವರ್ಷ ಇವಳು ಅಂಗಡಿಯ ಬಿಸ್ಕೆಟ್ ಪೊಟ್ಟಣ ಒಯ್ದಿದ್ದಳು. ಅಂದಿನಿಂದ ಲಿಫ್ಟಿನಲ್ಲಿ, ಸ್ಕೂಲ್ ಬಸ್ಸಿನಲ್ಲಿ ಇವಳ ಹೆಸರು 'ಬಿಸ್ಕೆಟ್ ಭೂತ'. ಹಾಗಾಗಿ ೨೦೦೯ರಲ್ಲಿ, ಲೈಬ್ರರಿ ಪುಸ್ತಕವೊಂದನ್ನು ನಂಬಿ, ಹಳೇ ಕಾಲದ ಅಮೆರಿಕನ್ ಅಜ್ಜಿಯರ ಪಾಪ್‌ಕಾರ್ನ್ ಉಂಡೆಯನ್ನು ಮನೆಯಲ್ಲೇ ಕಟ್ಟಿ ತರುವುದಾಗಿ ಸವಾಲು ಹಾಕಿ ಬಂದಿದ್ದಳು. ಹನ್ನೆರಡು ಮಕ್ಕಳಿಗೆ, ಸಂಜೆ ಐದಕ್ಕೆ ಸರಿಯಾಗಿ.

ಪುಸ್ತಕ ಕೇಳಿದ್ದು ಮೊಲಾಸಸ್, ಅಂದರೆ ಕಾಕಂಬಿ. "ನಮ್ಮಲ್ಲಿ ಮೊಲವೂ ಇಲ್ಲ, ಸಾಸೂ ಇಲ್ಲ. ಬೆಲ್ಲ ಬಲ್ಲವನೇ ಬಲ್ಲ" ಎಂದು ಊರಿನ ಬೆಲ್ಲವನ್ನೇ ಕರಗಿಸಿದ್ದೆ. ಕೈಗೆ ತುಪ್ಪ ಸವರಿ, ಬಿಸಿ ಆರುವ ಮೊದಲು ಇಬ್ಬರೂ ಕಟ್ಟಿದೆವು. "ಹಾಟ್! ಹಾಟ್!" ಎನ್ನುತ್ತಲೇ ಅವಳು ಐದು ಕಟ್ಟಿದಳು, ನನ್ನವಕ್ಕಿಂತ ದುಂಡಗೆ.

ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಅಮ್ಮ ಕುಸುಮಾವತಿ ಅಡುಗೆಮನೆಗೆ ಇಣುಕಿದರು.

"ಎಂತ ಹಬ್ಬ ಮಾರಾಯ ಇದು?"

"ಸತ್ತವರು ಮನೆಗೆ ಬರುವ ದಿನ ಅಮ್ಮ. ಮಕ್ಕಳು ಬಾಗಿಲು ಬಡಿದು 'ತಿರುಕ್ ಆರ್ ಟ್ರೀಟ್' ಅಂತ ಕೇಳ್ತಾರೆ. ತಿರುಕರಿಗೆಲ್ಲ ಟ್ರೀಟು!"

'ಟ್ರಿಕ್' ಅನ್ನು ತಿರುಕನನ್ನಾಗಿಸಿದ ನನ್ನ ಶ್ಲೇಷೆ ನೆಲಕ್ಕೆ ಬಿತ್ತು. ಅಮ್ಮ ಹಿಡಿದದ್ದು ಅದಕ್ಕಿಂತ ಮೊದಲಿನ ಮಾತನ್ನು.

"ಸತ್ತವರು ಬರುವ ದಿನವಾ? ಮತ್ತೆ ಅವರಿಗೆ ಬಡಿಸದೆ ಮಕ್ಕಳು ತಿನ್ನುವುದಾ? ನಿನ್ನ ಅಪ್ಪ ಕುವೈತಿನವರೆಗೆ ಬಂದು ಬಾಯಿ ನೋಡ್ತಾ ಕೂತ್ಕೊಳ್ಳಬೇಕಾ?"

ತುಳುವರ ಆಷಾಢವಾದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಕಾಯುವುದು ನಮ್ಮ ಕಡೆಯ ಕ್ರಮ. ಅಕ್ಟೋಬರಿಗೂ ಆಟಿಗೂ ಏನು ಸಂಬಂಧ ಎಂದು ನಾನು ಕೇಳುವಷ್ಟರಲ್ಲಿ ಹನ್ನೆರಡೂ ಉಂಡೆ ಬೆಡ್‌ರೂಮು ಸೇರಿ, ಬಾಗಿಲಿಗೆ ಬೀಗ ಬಿದ್ದು, ಕೀಲಿಕೈ ಅಮ್ಮನ ಸೊಂಟಕ್ಕೆ ಏರಿತ್ತು. ಗಂಟೆ ನಾಲ್ಕೂ ನಲವತ್ತು.

"ಅವರು ಉಂಡ ಮೇಲೆ ತೆಗೆಯುವುದು."

"ಉಂಡದ್ದು ಗೊತ್ತಾಗುವುದು ಹೇಗೆ?"

"ಕೇಳಿದ್ರೆ ಹೇಳ್ತಾರೆ. ಮೇಷ್ಟ್ರಲ್ವಾ?"

ಅಪ್ಪ, ತನಿಯಪ್ಪ ಮೇಷ್ಟ್ರು, ಕನ್ನಡ ಪಂಡಿತರು. ಮನೆಯಲ್ಲಿ ಯಾರಾದರೂ 'ಊಟ ಆಯ್ತಾ' ಎಂದರೆ 'ಉಂಡಿರಾ ಎನ್ನಿ' ಎಂದು ತಿದ್ದುತ್ತಿದ್ದವರು.

ನಾಲ್ಕೂ ಐವತ್ತು. ಶರಣ್ಯಾಳ ಮೂಗು ಕೆಂಪಾಗತೊಡಗಿತು. ನಾನು ಬೆಡ್‌ರೂಮಿನ ಪಕ್ಕದ ಬಚ್ಚಲಿಗೆ ಹೋಗಿ, ಅಪ್ಪನೇ ಉತ್ತರಿಸಿದಂತೆ ಅವರ ಕೆಮ್ಮನ್ನು ತೆಗೆದೆ. ಎರಡು ಗಿಡ್ಡ, ಒಂದು ಉದ್ದ. ಕಾಲೇಜಿನಲ್ಲಿ ಪ್ರಿನ್ಸಿಪಾಲರನ್ನೇ ಯಾಮಾರಿಸಿದ ಗಂಟಲು ನನ್ನದು.

"ಅಖಿಲ್, ಹೊರಗೆ ಬಾ," ಎಂದರು ಅಮ್ಮ. "ಅವರು ಕೆಮ್ಮಿದ್ರೆ ಎದುರು ಮನೆಯ ನಾಯಿ ಬೊಗಳ್ತಿತ್ತು. ನಿನ್ನದಕ್ಕೆ ಬೆಕ್ಕೂ ಏಳುವುದಿಲ್ಲ."

ಆಮೇಲೆ ಸೆರಗು ಸರಿಮಾಡಿಕೊಂಡು ಬಾಗಿಲ ಮುಂದೆ ನಿಂತರು. ಮೂರು ಬಾರಿ ತಟ್ಟಿ, ಮೆಲ್ಲಗೆ ಕೇಳಿದರು.

"ಉಂಡಿರಾ?"

ಒಳಗೆ ಏಸಿಯ ಸದ್ದು.

"ಉಂಡಿರಾ?"

ಇಂಗ್ಲಿಷಿನಲ್ಲೇ ಉತ್ತರಿಸುವ ಶರಣ್ಯಾಳಿಗೆ ಅರ್ಧ ಕನ್ನಡ ಮಾತ್ರ ಅರ್ಥವಾಗುತ್ತದೆ; 'ಉಂಡಿರಾ' ಅವಳಿಗೆ 'ಉಂಡೆಯಾ' ಎಂದು ಕೇಳಿಸಿತು. ಒಳಗಿರುವುದು ಏನೆಂದು ಅಜ್ಜಿ ಮರೆತೇಬಿಟ್ಟರೆಂದುಕೊಂಡು, ಬಾಗಿಲಿಗೆ ಕೆನ್ನೆ ಒತ್ತಿ ನಿಂತಿದ್ದವಳು ಅಳುದನಿಯಲ್ಲಿ ಕೂಗಿದಳು:

"ಉಂಡೆ! ಉಂಡೆ! ಉಂಡೆ!"

ನನ್ನ ನಾಲಗೆಯ ತುದಿಗೆ ಒಂದು ಶ್ಲೇಷೆ ಬಂದಿತ್ತು, ನುಂಗಿಕೊಂಡೆ. ಅಮ್ಮ ಸೊಂಟದಿಂದ ಕೀಲಿಕೈ ತೆಗೆದರು. ತಟ್ಟೆಯನ್ನು ಎರಡೂ ಕೈಯಲ್ಲಿ ತಂದು ಮೊಮ್ಮಗಳಿಗೆ ಕೊಡುತ್ತಾ, ತಲೆ ತುಸು ಬಾಗಿಸಿದರು.

"ಆಯ್ತು. ನೀವು ಹೋಗಿ ಬನ್ನಿ."

ಮೆಟ್ಟಿಲಿಳಿಯುವಾಗ ಐದಕ್ಕೆ ಎರಡು ನಿಮಿಷ.

"ಪಪ್ಪಾ, ಅಜ್ಜಿ ನನಗೆ ವೈ 'ನೀವು'?"

"ದೊಡ್ಡವರಿಗೆ ಹಾಗೇ ಹೇಳೋದು."

"ಬಟ್ ಐ ಆಮ್ ಓನ್ಲಿ ಏಯ್ಟ್."

"ಗೊತ್ತು. ಬಾಗಿಲು ತಟ್ಟು."